ಮೊಜಾಯಿಕ್ ನೆಲದ ನಾಯಿ

ಸಿರುಗುಪ್ಪದ ಆ ರೈಸ್ ಮಿಲ್ಲಿನ ಸಾವುಕಾರನಷ್ಟು ಜಂಬದ ಮನುಷ್ಯಾನ್ನ ನಾನು ಇನ್ನೊಬ್ಬನ್ನ ನೋಡಿಲ್ಲ. ಎಪ್ಪತ್ತರ ದಶಕದ ಸುರುವಿನ ಮಾತಿದು. ಕಾಲುವಿ ನೀರು ಬಂದು, ಭತ್ತ ಬೆಳದು, ಜನದ ಕೈಯಾಗ ನಾಕು ಕಾಸು ಆಡಾಕ ಹತ್ತಿದ ಮ್ಯಾಲೆ ನಮ್ಮ ಕಡಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಕೊಂಡಿತ್ತು. ಒಬ್ಬ ಜೀಪು ತಂದು ಮನಿ ಮುಂದ ನಿಂದ್ರಿಸಿದ, ಓಡಸಾಕ ಬರ್ತಿರಲಿಲ್ಲ. ಇನ್ನೊಬ್ಬ ಮಾಳಿಗಿ ಮ್ಯಾಲೆ ಸಿಮೆಂಟಿನ ಸಿಂಹ ಕುಂದ್ರಿಸಿದ, ನೋಡಾಕ ಅದು ಕುರಿ ಆಗಿತ್ತು. ಈ ಸಾವುಕಾರ ಹೊಸಾ ಮನಿ ಕಟ್ಟಿಸಿ ಪಡಸಾಲಿ ತುಂಬ ಮೊಜಾಯಿಕ್ ನೆಲ ಹಾಕಿಸಿದ.

ಬಳ್ಳಾರಿಯಿಂದ ಮಿಶನ್ನು ಬಂತು, ಕೆಲಸದವರು ಬಂದ್ರು, ತಿಂಗಳಾನಗಟ್ಟಲೆ ಗರ್ರ್ ಅಂತ ಉಜ್ಜಿದ್ರು. ವಾರಕ್ಕೊಮ್ಮಿ ಮೇಣ ಹಚ್ಚಿ ತಿಕ್ಕಿಸಬೇಕು ಅಂತ ಹೇಳಿ ಹೋದ್ರು. ಸಾವುಕಾರನಿಗೆ ಅಷ್ಟ ಸಾಕಾತು. ರಾರಾವಿಯಿಂದ, ಹಚ್ಚೊಳ್ಳಿಯಿಂದ ಭತ್ತ ತಂದ ರೈತರನ್ನ ಮಿಲ್ಲಿನಿಂದ ಸೀದಾ ಮನಿಗೆ ಕರಕೊಂಡು ಬರ್ತಿದ್ದ. ಗೇಟಿನ್ಯಾಗ ಚಪ್ಪಲಿ ಬಿಡಬೇಕು, ಕಾಲು ತೊಳ್ಕೋಬೇಕು, ಒರಸ್ಕೋಬೇಕು. ಆಮ್ಯಾಲೆ ಒಳಗ. "ಬಗ್ಗಿ ನೋಡ್ರಿ, ಮುಖ ಕಾಣತೈತಿ" ಅಂತಿದ್ದ. ಐವತ್ತೆಕ್ರಿ ಗದ್ದಿ ಇದ್ದ ಗೌಡ್ರು ಬಗ್ಗಿ, ನೆಲದಾಗ ತಮ್ಮ ಮೂಗಿನ ಹೊಳ್ಳಿ ತಾವ ನೋಡಿಕೊಂಡು, "ಹೌದ್ರಿ, ಭಾಳ ಚೊಲೊ ಕಾಣತೈತಿ" ಅಂದು ಹೋಗ್ತಿದ್ರು. ಥೂ, ಎಂಥಾ ಜನಾನೋ ಏನೋ.

ನಾನಾದ್ರೂ ಯಾರು? ಬಸ್ ಸ್ಟ್ಯಾಂಡಿನ ಹಿಂದ ದನದ ಔಷಧಿ ಅಂಗಡಿ ಇಟ್ಟಿದ್ದೆ. ಅದಕ್ಕ ಮೊದ್ಲು ಕುರುಗೋಡಿನ್ಯಾಗ ಒಬ್ಬ ಹಳೇ ದನದ ಡಾಕ್ಟ್ರ ಕೈಕೆಳಗ ಏಳು ವರ್ಷ ಕಂಪೌಂಡರ್ ಕೆಲಸ ಮಾಡಿದ್ದೆ. ಓದಿದ್ದು ಮೆಟ್ರಿಕ್ಕು, ಅದೂ ಫೇಲು. ಆದ್ರ ಸೂಜಿ ಮಾಡಾಕ ಬರ್ತಿತ್ತು, ಹೊಟ್ಟಿ ಉಬ್ಬರಿಸಿದ ಎಮ್ಮಿ ಎಬ್ಬಿಸಾಕ ಬರ್ತಿತ್ತು. ಊರ ಮಂದಿ "ಡಾಕ್ಟ್ರೆ, ಡಾಕ್ಟ್ರೆ" ಅಂತಿದ್ರು. ನಾನು ಯಾರನ್ನೂ ತಿದ್ದಲಿಲ್ಲ.

ಕುರುಗೋಡಿನ ಆ ಹಳೇ ಡಾಕ್ಟ್ರು ಕುಂಟೋ ದನದ ಬಗ್ಗೆ ನನಗ ಒಂದ ಮಾತು ಕಲಿಸಿದ್ರು. ಎತ್ತು ಕುಂಟತಾ ಬಂದ್ರ ಮುಟ್ಟಾಕ ಹೋಗಬ್ಯಾಡ, ಮೊದ್ಲು ನಡಸು. ಗಟ್ಟಿ ನೆಲದ ಮ್ಯಾಲೆ ಇಪ್ಪತ್ತು ಹೆಜ್ಜಿ, ಮೆತ್ತನ ಮಣ್ಣಾಗ ಇಪ್ಪತ್ತು ಹೆಜ್ಜಿ. ಎರಡರಾಗ ಏನು ಫರಕು ಐತಿ ನೋಡು, ಎತ್ತು ತಾನ ಹೇಳತೈತಿ. ಇದನ್ನ ಎಷ್ಟು ಎತ್ತಿಗೆ ಮಾಡೀನೋ ಲೆಕ್ಕ ಇಲ್ಲ. ಎತ್ತಿನ ಕಾಲು ನೋಡಾಕ ನನ್ನನ್ನ ಬಿಟ್ರ ಯಾರೂ ಇಲ್ಲ ಅಂತ ನನಗ ಭಾಳ ಸೊಕ್ಕಿತ್ತು.

ಸಾವುಕಾರನಿಗೆ ಬರೇ ನೆಲ ಸಾಕಾಗಲಿಲ್ಲ, ಅದರ ಮ್ಯಾಲೆ ಕುಂದ್ರಸಾಕ ಏನಾರ ಒಂದು ಬೇಕಾತು. ಮದ್ರಾಸಿನಿಂದ ರೈಲಿನ್ಯಾಗ ಒಂದು ಆಲ್ಸೇಷನ್ ಮರಿ ತರಿಸಿದ. ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟ, ಅದು ಅವನ ಬಾಯಾಗ ದಿನಕ್ಕೊಂದು ನಮೂನಿ ಹೊಂಡತಿತ್ತು. ಆ ಮನ್ಯಾಗ ನೆಲ ಒರಸಾಕ ಒಬ್ಬ ಮುದುಕಿ ಇದ್ಲು, ಮಿಲ್ಲಿನ ಹಿಂದಿನ ಗುಡಿಸಲದಾಕಿ. ಆಕಿ "ಮರೀ" ಅಂತ ಕರೀತಿದ್ಲು, ನಾಯಿ ಆ ಹೆಸರಿಗೆ ಮಾತ್ರ ಕಿವಿ ನಿಗರಿಸ್ತಿತ್ತು. ಸಾವುಕಾರ ಅದಕ್ಕ ಹಾಲು, ತುಪ್ಪ, ಅನ್ನ ಹೊಟ್ಟಿ ಬಿರಿಯಂಗ ಹಾಕಿ, ಉಯ್ಯಾಲಿ ಮಂಚದ ಪಕ್ಕದ ಕಂಬಕ್ಕ ಕಟ್ಟಿ, ಬಂದವರಿಗೆಲ್ಲ ಮುಂಗಾಲೆತ್ತಿಸಿ ಶೇಕ್ ಹ್ಯಾಂಡ್ ಕೊಡಿಸ್ತಿದ್ದ. ಅಂಗಳಕ್ಕ ಬಿಡಂಗಿಲ್ಲ, ಮಣ್ಣಿನ ಕಾಲು ಒಳಗ ಬರತೈತಿ. ಓಡಂಗಿಲ್ಲ, ಉಗುರು ನೆಲಕ್ಕ ಗೀರತೈತಿ. ನಾಯಿ ಸಾಕಿದ್ನೋ ಗೊಂಬಿ ಸಾಕಿದ್ನೋ ಆ ದೇವರಿಗೇ ಗೊತ್ತು.

ಏಳು ತಿಂಗಳಿಗೆ ಮರಿ ಕರುವಿನಷ್ಟಾತು. ಅವಾಗ ಹಿಂಗಾಲು ಸೋತವು. ಏಳಬೇಕಂದ್ರ ಮುಂಗಾಲೂರಿ ಎದ್ದು, ಹಿಂದಿನ ಭಾಗ ದರದರ ಎಳೀತಿತ್ತು. ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರಿ, ಕಪ್ಪಿ ಬಿದ್ದಂಗ ಬೀಳ್ತಿತ್ತು. ಸಾವುಕಾರ ನನಗ ಹೇಳಿಕಳಿಸಿದ.

ಹೋದೆ. ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು, ಪಡಸಾಲ್ಯಾಗ ಕುರ್ಚಿ ಮ್ಯಾಲೆ ಕುಂತೆ. ಪಿಂಗಾಣಿ ಕಪ್ಪಿನ್ಯಾಗ ಕಾಫಿ ಬಂತು. ನಾನು ಹೋಗೋ ಮನ್ಯಾಗೆಲ್ಲ ನನಗ ದನದ ಕೊಟ್ಟಿಗ್ಯಾಗ ಲೋಟದಾಗ ಚಾ ಕೊಡ್ತಿದ್ರು. ಇಲ್ಲಿ ಕುರ್ಚಿ, ಕಪ್ಪು, ಮ್ಯಾಲೆ ಫ್ಯಾನು. ನಾನು ಉಬ್ಬಿದೆ. ನಾಯಿ ಅಲ್ಲೇ ಕಾಲಬುಡಕ್ಕ ಮಲಗಿತ್ತು. ನಾನು ಬಗ್ಗಿ ತೊಡಿ ಹಿಚುಕಿ, ಮೊಣಕಾಲು ಮಡಚಿ ನೋಡಿದೆ. ಎಬ್ಬಿಸಿ ಅಂದೆ. ಇಬ್ಬರು ಎಬ್ಬಿಸಿದ್ರು, ಅದು ಜಾರಿ ಬಿತ್ತು. ಇನ್ನೇನು ನೋಡೋದೈತಿ ಅಂದುಕೊಂಡೆ. ಎತ್ತಿಗೆ ಇಪ್ಪತ್ತು ಹೆಜ್ಜಿ ನಡಸೋ ಮನುಷ್ಯ ನಾಯಿಗೆ ಎರಡು ಹೆಜ್ಜಿ ಹೊರಗ ನಡಸಲಿಲ್ಲ.

ಅಲ್ಲಿ ನನಗಿಂತ ಮೊದ್ಲು ಬಂದ ಪಂಡಿತರು ಕಡಿಮಿ ಇರಲಿಲ್ಲ. ಸಾವುಕಾರನ ಭಾವ ತೆಲುಗು ಸೀಮಿಯವ, "ದಿಷ್ಟಿ ತಗಲೈತಿ, ನಿಂಬಿಹಣ್ಣು ಕಟ್ಟು" ಅಂದ. ಕಟ್ಟಿದ್ರು, ನಾಯಿ ಅದನ್ನ ತಿಂತು. ರಾರಾವಿಯಿಂದ ಎತ್ತಿಗೆ ಬರಿ ಹಾಕೋವ ಒಬ್ಬ ಬಂದು, ಕಬ್ಬಿಣ ಕಾಸಿ ಸೊಂಟದ ಮ್ಯಾಲೆ ಮೂರು ಗೆರಿ ಎಳದ್ರ ವಾಯು ಬಿಡತೈತಿ ಅಂದ. ಸಾವುಕಾರ ಒಪ್ಪಿದ್ದ, ಆದ್ರ ಕೆಂಡದ ಬುಟ್ಟಿ ನೆಲದ ಮ್ಯಾಲೆ ಇಡಬೇಕು ಅಂದ ಕೂಡ್ಲೆ ಅವನನ್ನ ಓಡಿಸಿದ. ನಾಯಿ ಚರ್ಮ ಉಳಿದಿದ್ದು ಮೊಜಾಯಿಕ್ ಪುಣ್ಯದಿಂದ. ಇವರ ಸುದ್ದಿ ಎಲ್ಲ ಕೇಳಿ ನಾನು ಒಳಗೊಳಗ ನಕ್ಕೆ. ಅನಕ್ಷರಸ್ಥರು, ಇವರಿಗೇನು ತಿಳಿತೈತಿ ಅಂತ.

"ಸಾವುಕಾರ್ರೆ, ಇದಕ್ಕ ಸುಣ್ಣದ ಅಂಶ ಕಡಿಮಿ ಆಗೈತಿ. ಎಲುವು ಮೆತ್ತಗಾಗ್ಯಾವು. ಹನ್ನೆರಡು ಸೂಜಿ ಮಾಡ್ತೀನಿ, ಕುದುರಿಯಂಗ ಓಡತೈತಿ" ಅಂದೆ. ಕ್ಯಾಲ್ಸಿಯಂ ಅಂತ ಅಂದಿದ್ರ ಅವನಿಗೆ ತಿಳೀತಿರಲಿಲ್ಲ, ಸುಣ್ಣ ಅಂದೆ, ಮನಿಗೆ ಹೊಡಿಯೋ ಸುಣ್ಣ ನೆನಪಾಗಿ ಅವನಿಗೆ ಭಾಳ ಖಾತ್ರಿ ಆತು. ದಿನ ಬಿಟ್ಟು ದಿನ ಹೋಗಿ ಸೂಜಿ ಮಾಡಿದೆ. ನಾಯಿ ನನ್ನ ಚೀಲ ಕಂಡ್ರ ಉಯ್ಯಾಲಿ ಕೆಳಗ ಹೊಟ್ಟಿ ಎಳಕೊಂಡು ಹೋಗಿ ಮುದುಡಿಕೊಳ್ತಿತ್ತು. ಹಾಲು ಕುಡಿಯೋ ದೊಡ್ಡ ಜಾತಿ ಮರಿಗೆ ಮ್ಯಾಲಿಂದ ಸುಣ್ಣ ತುಂಬೋದು ಒಳ್ಳೇದಲ್ಲ, ಕೀಲು ಇನ್ನೂ ಕೆಡತೈತಿ ಅಂತ ನನಗ ತಿಳಿದಿದ್ದು ಎಷ್ಟೋ ವರ್ಷದ ಮ್ಯಾಲೆ.

ಆರನೇ ಸೂಜಿ ದಿನ ಮುದುಕಿ ನೆಲ ಒರಸ್ತಾ ನನ್ನ ಹತ್ರ ಬಂದ್ಲು. ಮೊಣಕಾಲೂರಿ ಒರಸ್ತಿದ್ದಾಕಿ ಹಂಗ ತಲಿ ಎತ್ತಿ, ಮೆಲ್ಲಕ, "ಡಾಕ್ಟ್ರೆ, ಮರಿಗೆ ಕಾಲು ಅದಾವ್ರಿ" ಅಂದ್ಲು.

"ಏನಂದಿ?"

"ದಿನಾ ಮುಂಜಾನಿ ಮನಿಮಂದಿ ಏಳೋದರೊಳಗ ಹಿತ್ಲಿಗೆ ಒಯ್ತೀನ್ರಿ. ಹೊಸ್ತಿಲ ತನಕ ಹೊಟ್ಟಿಗೆ ಗೋಣಿ ತಟ್ಟು ಕೊಟ್ಟು ಎಳಕೊಂಡು ಹೋಗ್ಬೇಕು. ಮಣ್ಣಿಗೆ ಇಳದ್ರ ತಾನ ನಿಂದ್ರತೈತಿ. ನಡೀತೈತಿ. ನೀವೊಮ್ಮಿ ಬಂದು ನೋಡ್ರಿ."

ನನಗ ಸಿಟ್ಟು ಬಂತು. ಸಾವುಕಾರ ಉಯ್ಯಾಲಿ ಮ್ಯಾಲೆ ಕುಂತಿದ್ದ, ಕೇಳಿಸಿಕೊಂಡ್ನೋ ಏನೋ ಅಂತ ಹೆದರಿಕಿನೂ ಆತು. ಹನ್ನೆರಡು ಸೂಜಿ ಅಂತ ಹೇಳಿ ಆರು ಮಾಡಿ ಕುಂತೀನಿ, ಈಗ ಕಸದಾಕಿ ನನಗ ರೋಗ ಕಲಿಸಾಕ ಬಂದ್ಲಲ್ಲ! "ಏ ಮುದುಕಿ, ನಿನಗ್ಯಾಕ ಬೇಕು ಅದೆಲ್ಲ? ನೀ ನೆಲ ಒರಸು" ಅಂದೆ.

"ನೆಲ ಒರಸಾಕಿ ಅಂತನ ಹೇಳಿದೆ ನೋಡ್ರಿ. ಮೇಣ ಹಚ್ಚಿದ ದಿನ ಭಾಳ ಬೀಳತೈತಿ" ಅಂದು ಬಟ್ಟಿ ಹಿಂಡಿಕೊಂಡು ಆಚಿಗೆ ಸರದ್ಲು. ಎಷ್ಟು ಬಿಡಿಸಿ ಹೇಳಿದ್ಲು ನೋಡ್ರಿ. ನನ್ನ ಕಿವಿಗೆ ಒಂದಕ್ಷರ ಇಳೀಲಿಲ್ಲ.

ಹನ್ನೆರಡೂ ಸೂಜಿ ಮುಗದವು, ನಾಯಿ ಏಳಲಿಲ್ಲ. ಸಾವುಕಾರ ಮುಖ ಗಂಟು ಹಾಕಿಕೊಂಡ. ಬಳ್ಳಾರಿಗೆ ಒಯ್ದು ಎಕ್ಸ್‌ರೇ ತಗಸೋಣು ಅಂದ. ಮಿಲ್ಲಿನ ಇಬ್ಬರು ಹಮಾಲರು ಗೋಣಿ ಜೋಲಿ ಮಾಡಿ ನಾಯಿನ ಪಡಸಾಲಿಯಿಂದ ಎತ್ತಿ ಕಾರಿಗೆ ಹಾಕಿದ್ರು. ಬಳ್ಳಾರ್ಯಾಗ ಕಾರಿನಿಂದ ಎತ್ತಿ ಟೇಬಲ್ಲಿಗೆ ಹಾಕಿದ್ರು. ಟೇಬಲ್ಲಿಂದ ಎತ್ತಿ ಮತ್ತ ಕಾರಿಗೆ. ಸಾವುಕಾರನ ನಾಯಿ ಬೀದಿ ಮಣ್ಣು ತುಳಿಯೋದಂದ್ರೇನು! ನಲವತ್ತು ಮೈಲಿ ಹೋಗಿ ಬಂದ್ವಿ, ಅದರ ಕಾಲು ಒಮ್ಮಿನೂ ನೆಲಕ್ಕ ತಾಗಲಿಲ್ಲ.

ಅಲ್ಲಿನ ಡಾಕ್ಟ್ರು ಸಣ್ಣ ವಯಸ್ಸಿನಾತ, ಓದಿದಾತ. ಫೋಟೋ ಬೆಳಕಿಗೆ ಹಿಡದು, "ಎಲುಬು ಮುರಿದಿಲ್ಲ. ಸೊಂಟದ ಕೀಲು ಸ್ವಲ್ಪ ಸಡಿಲ ಇದೆ, ಈ ಜಾತಿ ಮರಿಗಳಿಗೆ ಇರ್ತದೆ. ತೂಕ ಇಳಿಸಿ, ಹೊರಗಡೆ ನಡೆಸಿ. ನಡೆಸಿ ಬಂದು ಹೇಳಿ" ಅಂದ. ನನ್ನ ಸೂಜಿ ಸುದ್ದಿ ಕೇಳಿ, "ಯಾರು ಹೇಳಿದ್ರು ಮಾಡೋದಕ್ಕೆ?" ಅಂತ ಸಾವುಕಾರನ ಮುಂದ ಕೇಳಿದ. ನನ್ನ ಮೈಯೆಲ್ಲ ಉರೀತು. ದಾರಿ ತುಂಬ ನಾನು ಸಾವುಕಾರನ ಕಿವಿ ಊದಿದೆ. "ನಡಿಯಾಕ ಬರಲಾರದ ನಾಯಿನ ನಡಸ್ರಿ ಅಂತಾನ, ಏನ್ರಿ ಅವನ ಓದು? ಹಲ್ಲಿಲ್ಲದವನಿಗೆ ಚಕ್ಕಲಿ ಬರಕೊಟ್ಟಂಗಾತು" ಅಂದೆ. ಸಾವುಕಾರ ಹೊಟ್ಟಿ ಕುಣಿಸಿ ನಕ್ಕ. ನಾನು ಗೆದ್ದೆ ಅಂದುಕೊಂಡೆ. ಹಿಂದಿನ ಸೀಟಿನ್ಯಾಗ ನಾಯಿ ನನ್ನ ಭುಜದ ಮ್ಯಾಲೆ ಮುಸುಡಿ ಇಟ್ಟು ಮಲಗಿತ್ತು, ಸೂಜಿ ಮಾಡಿದ ಮನುಷ್ಯ ಅಂತನೂ ಎಣಿಸಲಿಲ್ಲ.

ಹದಿನೈದು ದಿನಕ್ಕ ಸಾವುಕಾರನ ಮಗಳನ್ನ ನೋಡಾಕ ಕುರುಗೋಡಿನಿಂದ ಗಂಡಿನ ಕಡಿಯವರು ಬರ್ತಾರ ಅಂತ ಗೊತ್ತಾತು. ಪಡಸಾಲ್ಯಾಗ ಕುಂಡಿ ಎಳಿಯೋ ನಾಯಿ ಇದ್ರ ಅಪಶಕುನ ಅಂತ ಭಾವ ಊದಿದ. ಸಾವುಕಾರ ನನ್ನನ್ನ ಕರಸಿ, "ಮಲಗಿಸಿಬಿಡ್ರಿ ಡಾಕ್ಟ್ರೆ. ಅವರು ಬರೋದರೊಳಗ" ಅಂದ, ಹಳೇ ಕ್ಯಾಲೆಂಡರ್ ತಗದು ಹಾಕ್ರಿ ಅಂದಂಗ. ನಾನು ಕುರುಗೋಡಿಗೆ ಹೋಗಿ ಹಳೇ ಡಾಕ್ಟ್ರ ಕಡಿಯಿಂದ ನಾಯಿ ಸಾಯಿಸೋ ಔಷಧಿ ತಂದೆ. "ನಡಸಿ ನೋಡಿದೇನೋ?" ಅಂತ ಅವರು ಕೇಳಿದ್ರು. "ಹ್ಞೂ" ಅಂದೆ.

ಮರುದಿನ ಮುಂಜಾನಿ ಹೋದೆ. ಒಳಗ ಸಾಯಬಾರದು ಅಂತ ಸಾವುಕಾರನ ಕಟ್ಟಪ್ಪಣಿ, ಹಂಗಾಗಿ ಹಮಾಲರು ನಾಯಿನ ಹಿತ್ಲಿಗೆ ಹೊತ್ತು, ಭತ್ತದ ಹೊಟ್ಟಿನ ಗುಡ್ಡಿ ಪಕ್ಕಕ್ಕ ಇಳಿಸಿ, ಗುಂಡಿ ತೋಡಾಕ ಗುದ್ದಲಿ ತರಾಕ ಹೋದ್ರು. ಮುದುಕಿ ಬಚ್ಚಲ ಕಟ್ಟಿ ಮ್ಯಾಲೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ಲು. ನಾನು ಕುಕ್ಕರಗಾಲಿನ್ಯಾಗ ಕುಂತು ಸೂಜಿಗೆ ಔಷಧಿ ಎಳಕೊಂಡು ತಲಿ ಎತ್ತಿದೆ. ನಾಯಿ ಇಳಿಸಿದಲ್ಲಿ ಇರಲಿಲ್ಲ.

ಹೊಟ್ಟಿನ ಗುಡ್ಡಿ ಮ್ಯಾಲೆ ಕಾಗಿ ಕುಂತಿತ್ತು. ನಾಯಿ ಅದರ ಕಡಿ ನಡಕೊಂತ ಹೊಂಟಿತ್ತು. ನಾಕೂ ಕಾಲಿನ ಮ್ಯಾಲೆ. ಸೊಂಟ ಆಕಡಿ ಈಕಡಿ ವಾಲ್ತಿತ್ತು, ಹಿಂಗಾಲು ಎರಡೂ ಒಟ್ಟಿಗೆ ಎತ್ತಿ ಎತ್ತಿ ಹಾಕ್ತಿತ್ತು, ಆದ್ರ ಬೀಳಲಿಲ್ಲ. ಮಣ್ಣಾಗ ಉಗುರು ಊರಿ ಹೆಜ್ಜಿ ಹಿಡೀತಿತ್ತು. ಗುಡ್ಡಿ ಅರ್ಧ ಏರಿತು. ಕಾಗಿ ಹಾರಿತು. ನಾಯಿ ಹೊಳ್ಳಿ ನಿಂತು ಬಾಲ ಅಲ್ಲಾಡಿಸಿ ಮುದುಕಿನ್ನ ನೋಡ್ತು. ಹಿಂದ ಹಸಿ ಮಣ್ಣಿನ್ಯಾಗ ಅದರ ಹೆಜ್ಜಿ ನಾಕೂ ಬರೋಬರಿ ಮೂಡಿದ್ವು.

ಗಟ್ಟಿ ನೆಲ, ಮೆತ್ತನ ನೆಲ. ಇಷ್ಟೇ. ಹುಟ್ಟಾ ಸಡಿಲ ಇದ್ದ ಕೀಲು, ತುಪ್ಪ ತಿಂದ ಮೈ, ತಿರುಗಾಡಿ ಗೊತ್ತಿಲ್ಲದ ತೊಡಿ, ಅದರ ಮ್ಯಾಲೆ ಮೇಣ ಹಚ್ಚಿದ ನೆಲ. ಯಾವ ಕಾಲಿದ್ರ ಏನು, ನಿಂದ್ರಾಕ ಜಾಗ ಬೇಕಲ್ಲ? ಮನುಷ್ಯರು ನಾವು ಬರಿಗಾಲಿನ್ಯಾಗ ಹೋಗ್ತಿದ್ವಿ, ನಮಗ್ಯಾರಿಗೂ ಜಾರಲಿಲ್ಲ. ಹಿತ್ಲಾಗ ಬಿಟ್ಟು ತಿಂಗಳೆರಡು ತಿಂಗಳು ನಡಸಿದ್ರ, ಕಾಲುವ್ಯಾಗ ಈಜಿಸಿದ್ರ, ಆ ನಾಯಿ ಕುಂಟಕೊಂತಾದ್ರೂ ಹತ್ತು ವರ್ಷ ಬದುಕ್ತಿತ್ತು. ನನಗ ಒಂದ ಉಸುರಿನ್ಯಾಗ ಎಲ್ಲ ತಿಳೀತು.

ಅಷ್ಟರಾಗ ಸಾವುಕಾರ ಹಿತ್ತಲ ಬಾಗಲಕ್ಕ ಬಂದ. ನಾಯಿ ನಿಂತಿದ್ದು ನೋಡಿ ಬಾಯಿ ತಗದ. "ಏನಾತ್ರಿ ಡಾಕ್ಟ್ರೆ ಇದು?"

ಅವಾಗ ಹೇಳಬೇಕಿತ್ತು. ನಿಮ್ಮ ನೆಲಾನ ರೋಗ, ಇದನ್ನ ಹೊರಗ ಬಿಡ್ರಿ ಅಂತ ಎರಡು ಮಾತು ಅಷ್ಟೇ. ಆದ್ರ ಅದನ್ನ ಅಂದ್ರ ಹನ್ನೆರಡು ಸೂಜಿ ದಂಡ ಆದವು ಅಂದಂಗಾತು. ಬಳ್ಳಾರಿಯಾತ ಗೆದ್ದ. ಎಲ್ಲಕ್ಕಿಂತ ಹೆಚ್ಚಿಗೆ, ಆ ಕಸದ ಮುದುಕಿ ಗೆದ್ಲು. ಆಕಿ ನನ್ನನ್ನ ನೋಡ್ತಿದ್ಲು. ನನ್ನ ನಾಲಿಗಿ ತಾನ ಹೊರಳಿತು.

"ಸುಣ್ಣ ಈಗ ಹಿಡೀತು ನೋಡ್ರಿ ಸಾವುಕಾರ್ರೆ" ಅಂದೆ. "ಎಲುವಿಗೆ ಇಳಿಯಾಕ ಟೈಮ್ ಬೇಕಾಗತೈತಿ. ನಾನು ಹೇಳಿರಲಿಲ್ಲೇನು?"

ಸಾವುಕಾರ ನನ್ನ ಬೆನ್ನು ತಟ್ಟಿದ. "ಬೀಗರು ಬಂದಾಗ ನೀವೂ ಬರಬೇಕು" ಅಂದ. ಹಮಾಲರು ಗುದ್ದಲಿ ಕೆಳಗಿಟ್ಟು ನಾಯಿ ಕಾಲು ತೊಳದು ಮತ್ತ ಪಡಸಾಲಿಗೆ ಹೊತ್ತರು. ಮುದುಕಿ ಒಂದೆರಡು ಹೆಜ್ಜಿ ನನ್ನ ಕಡಿ ಬಂದು, "ಹೊರಗ ಇರಲಿ ಅಂತ ಹೇಳ್ರಿ ಡಾಕ್ಟ್ರೆ, ನೀವಂದ್ರ ಕೇಳ್ತಾರ" ಅಂದ್ಲು. ಹೌದು, ನಾನಂದ್ರ ಕೇಳ್ತಿದ್ದ. "ಆತು, ನೋಡೋಣು" ಅಂದು ಚೀಲ ಕಟ್ಟಿಕೊಂಡು ಬಂದೆ. ಬೀಗರು ಬಂದು ಹೋಗಲಿ, ಆಮ್ಯಾಲೆ ಏನಾರ ನೆವ ಹೇಳಿ ಹೊರಗ ಕಟ್ಟಿಸಿದ್ರಾತು ಅಂತ ನನಗ ನಾನ ಸಮಾಧಾನ ಹೇಳಿಕೊಂಡೆ. ಹೇಡಿ.

ಬೀಗರು ಬಂದ್ರು. ಹಿಂದಿನ ದಿನ ಸಾವುಕಾರ ಮುದುಕಿ ಕೈಲೆ ಎರಡು ಸಲ ಮೇಣ ತಿಕ್ಕಿಸಿದ್ದ. ಎಲ್ಲರೂ ಬಗ್ಗಿ ನೆಲದಾಗ ಮುಖ ನೋಡಿಕೊಂಡಾತು. ನನಗ ಕುರ್ಚಿ, ಪಿಂಗಾಣಿ ಕಪ್ಪು. "ಇವರ ನಮ್ಮ ನಾಯಿನ ಎಬ್ಬಿಸಿದ ಡಾಕ್ಟ್ರು" ಅಂತ ಸಾವುಕಾರ ಪರಿಚಯ ಮಾಡಿಸಿ, ಗಂಡಿನ ಅಪ್ಪಗ ಶೇಕ್ ಹ್ಯಾಂಡ್ ಕೊಡು ಅಂತ ನಾಯಿನ ಕರದ. ಅದು ಏಳಲಿಲ್ಲ. ಸಾವುಕಾರ ಕೊರಳಪಟ್ಟಿ ಹಿಡದು ಮ್ಯಾಲೆ ಜಗ್ಗಿದ. ನಾಯಿ ಮುಂಗಾಲೆತ್ತಿತು. ಭಾರ ಎಲ್ಲ ಹಿಂಗಾಲಿಗೆ ಬಿತ್ತು. ಎರಡೂ ಕಾಲು ಎರಡು ಕಡಿ ಸರ್ರ್ ಅಂತ ಜಾರಿದವು, ಒಳಗ ಏನೋ ಕಟ್ ಅಂತು.

ಅದರ ಕೂಗು ಈಗ ಬರಿಯೋ ಮುಂದನೂ ನನ್ನ ಕಿವ್ಯಾಗ ಐತಿ. ಹೆಣ್ಣುಮಕ್ಕಳು ಒಳಗ ಓಡಿದ್ರು. ಬಲಗಾಲು ಸೊಂಟದ ಗೂಡಿನಿಂದ ಹೊರಗ ಬಂದಿತ್ತು. ಓದಿದವನಾಗಿದ್ರ ಕೂಡಿಸ್ತಿದ್ನೋ ಏನೋ, ನನಗ ಬರ್ತಿರಲಿಲ್ಲ. ಜಗ್ಗಿ ನೋಡಿದೆ, ಇನ್ನೂ ಕೂಗಿತು. "ಮುಗಸ್ರಿ ಅತ್ಲಾಗ, ಬೀಗರು ಕುಂತಾರ" ಅಂತ ಸಾವುಕಾರ ಹಲ್ಲು ಕಡದ. ಅವತ್ತಿನ ಔಷಧಿ ಚೀಲದಾಗ ಇತ್ತು. ಮುದುಕಿ ಯಾರನ್ನೂ ಕೇಳದ ಬಂದು ಕುಂತು ಅದರ ತಲಿ ತೊಡಿ ಮ್ಯಾಲೆ ಇಟ್ಟುಕೊಂಡು "ಮರೀ, ಮರೀ" ಅಂದ್ಲು. ನಾನು ಸೂಜಿ ಮಾಡಿದೆ. ನಾಯಿ ನನ್ನ ಕೈ ಮೂಸಿ ನೋಡ್ತು, ಆಮ್ಯಾಲೆ ತಲಿ ಭಾರ ಬಿಡ್ತು.

ಹಮಾಲರು ಹೊತ್ಕೊಂಡು ಹೋದ್ರು. ಮದ್ರಾಸಿನವರು ಜಾತಿ ಕೆಟ್ಟ ಮರಿ ಕೊಟ್ಟು ಮೋಸ ಮಾಡಿದ್ರು ಅಂತ ಸಾವುಕಾರ ಬೀಗರಿಗೆ ಹೇಳಿದ. ಬೀಗರು ಹೌದೌದು ಅಂದ್ರು, ಉಪ್ಪಿಟ್ಟು ತಿಂದ್ರು, ಹೊಂಡೋ ಮುಂದ ನೆಲ ಮಾತ್ರ ಭಾಳ ಚೊಲೊ ಐತಿ ಅಂದ್ರು. ಸಂಬಂಧ ಕೂಡಿತು.

ನಾನು ಕುರ್ಚಿ ಮ್ಯಾಲೆ ಹಂಗ ಕುಂತಿದ್ದೆ. ಕಾಲಬುಡಕ್ಕ ನಾಯಿ ಉಚ್ಚಿ, ಒಂದಿಷ್ಟು ಜೊಲ್ಲು ಬಿದ್ದಿತ್ತು. ಮುದುಕಿ ಬಕೀಟು, ಬಟ್ಟಿ ತಂದು ನನ್ನ ಮುಂದ ಮೊಣಕಾಲೂರಿದ್ಲು. ಏನಾರ ಅಂತಾಳ, ಬೈತಾಳ, ಅವತ್ತು ಯಾಕ ಹೇಳಲಿಲ್ಲ ಅಂತ ಕೇಳ್ತಾಳ ಅಂತ ಕಾದೆ. ಬೈದಿದ್ರ ಚೊಲೊ ಇತ್ತು. ಆಕಿ ನನ್ನ ಮುಖ ನೋಡಲಿಲ್ಲ, ಡಾಕ್ಟ್ರೆ ಅಂತನೂ ಅನ್ನಲಿಲ್ಲ.

"ಕಾಲು ತಗಿಯೋ" ಅಂದ್ಲು. "ನೆಲ ಒರಸಬೇಕು."

ತಗದೆ.